ಪಂಕ್ತಿ ಎಬ್ಬಿಸದೆ ಬಡಿಸುವವರನ್ನು ಬದಲಿಸೋದು ಹೇಗೆ? ಲಿನಕ್ಸ್ ಅಪ್‌ಗ್ರೇಡ್ ಪರೀಕ್ಷೆಯ ಬಗ್ಗೆ ಒಂದಿಷ್ಟು

2022ರ ಆಗಸ್ಟ್ 30, ಮಂಗಳವಾರ. ದುಬೈನಲ್ಲಿ ಬೆಳಿಗ್ಗೆ 10 ಗಂಟೆ, ಊರಿನಲ್ಲಿ 11:30. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡಿನಲ್ಲಿ ಉಬುಂಟು 18.04 ಹಾಕಿಕೊಂಡು ಓಡುತ್ತಿದ್ದ ಎಷ್ಟೋ ಯಂತ್ರಗಳು ಆ ಹೊತ್ತಿನಿಂದ ವಿಚಿತ್ರವಾಗಿ ಆಡತೊಡಗಿದವು. ಯಂತ್ರ ಆನ್ ಇದೆ, ಪ್ರೋಗ್ರಾಮುಗಳು ಓಡ್ತಾ ಇವೆ, ಐಪಿ ವಿಳಾಸವೂ ಇದೆ. ಆದರೆ ಹೆಸರು ಹಿಡಿದು ಯಾವ ಸರ್ವರನ್ನು ಕರೆದರೂ ಸಿಗ್ತಾ ಇಲ್ಲ. ಅಂದ್ರೆ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆ ಕೈಕೊಟ್ಟಿತ್ತು. ತಮಾಷೆ ಏನಂದ್ರೆ, ಆ ಯಂತ್ರಗಳನ್ನು ಆ ಹೊತ್ತಿನಲ್ಲಿ ಯಾರೂ ಮುಟ್ಟಿರಲಿಲ್ಲ. ಅವು ತಾವಾಗಿಯೇ ಸಿಸ್ಟಮ್‌ಡಿ ಎಂಬ ಪ್ಯಾಕೇಜಿನ ಭದ್ರತಾ ಅಪ್‌ಡೇಟ್ ಹಾಕಿಕೊಂಡಿದ್ದವು, ಅಷ್ಟೇ.

ಆರು ತಿಂಗಳ ನಂತರ, 2023ರ ಮಾರ್ಚ್ 8ರ ಬುಧವಾರ, ಮತ್ತೆ ದುಬೈ ಸಮಯ 10 ಗಂಟೆ. ಬೇರೆ ಕಂಪನಿಗಳ ಸರ್ವರುಗಳ ಮೇಲೆ ಕಣ್ಣಿಟ್ಟು ಎಚ್ಚರಿಕೆ ಕೊಡುವ ಡೇಟಾಡಾಗ್ ಎಂಬ ಸೇವೆಯೇ ಕುಸಿಯಿತು. ಒಂದು ಊರಿನಲ್ಲಲ್ಲ, ಬೇರೆಬೇರೆ ಕಂಪನಿಗಳ ಕ್ಲೌಡುಗಳಲ್ಲಿ, ಬೇರೆಬೇರೆ ಖಂಡಗಳಲ್ಲಿದ್ದ ಅದರ ಯಂತ್ರಗಳು ಹೆಚ್ಚುಕಡಿಮೆ ಒಂದೇ ಗಂಟೆಯೊಳಗೆ ನೆಟ್‌ವರ್ಕ್ ಕಳೆದುಕೊಂಡವು. ಎಲ್ಲವೂ ಸರಿಹೋಗಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಅಲ್ಲೂ ಕಾರಣ ಸಿಸ್ಟಮ್‌ಡಿಯ ಭದ್ರತಾ ಅಪ್‌ಡೇಟ್.

ಎರಡೂ ಸಲ 10 ಗಂಟೆಯೇ ಯಾಕೆ ಅಂತ ನೀವು ಕೇಳಬಹುದು. ಉಬುಂಟುವಿನಲ್ಲಿ ದಿನಕ್ಕೊಮ್ಮೆ ತಾನಾಗಿಯೇ ಅಪ್‌ಡೇಟ್ ಹಾಕುವ ಕೆಲಸಕ್ಕೆ ಮೊದಲಿನಿಂದ ಇಟ್ಟಿರುವ ಸಮಯ ಯಂತ್ರದ ಗಡಿಯಾರದಲ್ಲಿ ಬೆಳಿಗ್ಗೆ 6. ಎಲ್ಲರೂ ಒಟ್ಟಿಗೆ ಮುಗಿಬೀಳದಿರಲಿ ಅಂತ ಅದರ ಮೇಲೆ ಒಂದು ಗಂಟೆಯೊಳಗೆ ಯಾವಾಗಲಾದರೂ ಆಗುವಂತೆ ಹಂಚಿಬಿಡುತ್ತಾರೆ. ಕ್ಲೌಡ್ ಯಂತ್ರಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ, ಅಂದರೆ ವಿಶ್ವ ಸಮಯದಲ್ಲಿರುತ್ತದೆ. ಅಲ್ಲಿನ 6 ಅಂದ್ರೆ ಇಲ್ಲಿನ 10. ಯಾರೂ ಎದ್ದಿರದ ಹೊತ್ತು ಅಂತ ಇಟ್ಟ ಸಮಯ, ದುಬೈ ಅಬುಧಾಬಿಗಳಲ್ಲಿ ಆಫೀಸು ತುಂಬಿ, ಮೊದಲ ಲೆಕ್ಚರ್ ಮುಗಿದು, ಕರಕ್ ಚಹಾ ಕೈಯಲ್ಲಿರುವ ಹೊತ್ತು!

ಮೈಕ್ರೋಸಾಫ್ಟ್ 2019ರಲ್ಲೇ ದುಬೈ ಮತ್ತು ಅಬುಧಾಬಿಯಲ್ಲಿ ತನ್ನ ಕ್ಲೌಡ್ ಕೇಂದ್ರಗಳನ್ನು ತೆರೆಯಿತು. ಅಮೆಜಾನ್‌ನ ಯುಎಇ ಕೇಂದ್ರ ಶುರುವಾಗಿದ್ದು 2022ರ ಆಗಸ್ಟ್‌ನಲ್ಲಿ. ಇಲ್ಲಿ ಓದುತ್ತಿರುವ ನಮ್ಮಲ್ಲಿ ಕಂಪ್ಯೂಟರ್ ಕಡೆಯವರು ಎಷ್ಟೋ ಜನ ನಾಳೆ ಇಂಥ ಯಂತ್ರಗಳನ್ನೇ ನೋಡಿಕೊಳ್ಳುವ ಕೆಲಸಕ್ಕೆ ಹೋಗುವವರು. ಹಾಗಾಗಿ ಈ ಎರಡು ಘಟನೆಗಳಲ್ಲಿ ಪರೀಕ್ಷೆ ಎಲ್ಲಿ ತಪ್ಪಿಹೋಯಿತು, ಅದನ್ನು ಹಿಡಿಯುವ ಪರೀಕ್ಷೆ ಹೇಗಿರಬೇಕು ಅಂತ ಸ್ವಲ್ಪ ಬಿಡಿಸಿ ನೋಡೋಣ. ಕಂಪ್ಯೂಟರ್ ಓದದವರೂ ಜೊತೆಗೆ ಬರಬಹುದು, ಕೋಡ್ ಏನೂ ಇಲ್ಲ.

ಸರ್ವಿಸ್ ಅಂದ್ರೇನು?

ಮದುವೆ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಊಟ ಮಾಡುವವರ ಕಣ್ಣಿಗೆ ಬೀಳುವುದು ಎಲೆ ಮತ್ತು ಎಲೆಗೆ ಬಿದ್ದ ಪದಾರ್ಥ. ಹಿಂದೆ ಒಬ್ಬರು ನೀರಿಗೆ, ಒಬ್ಬರು ಅನ್ನಕ್ಕೆ, ಒಬ್ಬರು ಸಾರಿಗೆ ಅಂತ ನಿಂತಿರುತ್ತಾರೆ. ಲಿನಕ್ಸ್‌ನಲ್ಲಿ ಹೀಗೆ ಹಿಂದೆ ನಿಂತು ಕೆಲಸ ಮಾಡುವ ಪ್ರೋಗ್ರಾಮುಗಳೇ ಸರ್ವಿಸ್‌ಗಳು. ನೆಟ್‌ವರ್ಕ್ ನೋಡಿಕೊಳ್ಳಲು ಒಂದು, ಡಿಎನ್‌ಎಸ್‌ಗೆ ಒಂದು, ಗಡಿಯಾರ ಸರಿಯಿಡಲು ಒಂದು, ವೆಬ್ ಪುಟ ಕೊಡಲು ಒಂದು. ಇವರನ್ನೆಲ್ಲ ನಿಲ್ಲಿಸಿ ಎಬ್ಬಿಸುವ ಮೇಸ್ತ್ರಿ ಸಿಸ್ಟಮ್‌ಡಿ. ಉಬುಂಟು, ಡೆಬಿಯನ್, ಫೆಡೋರಾ, ಓಪನ್‌ಸೂಸೆ ಎಲ್ಲದರಲ್ಲೂ ಈಗ ಅದೇ.

ಅಪ್‌ಗ್ರೇಡ್ ಆದಾಗ ಏನಾಗುತ್ತದೆ? ಡಿಸ್ಕಿನಲ್ಲಿ ಹಳೆಯ ಫೈಲು ಹೋಗಿ ಹೊಸದು ಬರುತ್ತದೆ. ಆದರೆ ಆಗಲೇ ಓಡುತ್ತಿರುವ ಸರ್ವಿಸ್ ಮೆಮೊರಿಯಲ್ಲಿ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಸಿಕ್ಕಾಗ ಪ್ಯಾಕೇಜನ್ನು ಅಪ್‌ಡೇಟ್ ಮಾಡಿದರಷ್ಟೇ ಸಾಲುತ್ತಿರಲಿಲ್ಲ. ಅದನ್ನು ಬಳಸುವ ಸರ್ವಿಸ್‌ಗಳನ್ನೂ ನಿಲ್ಲಿಸಿ ಮತ್ತೆ ಶುರುಮಾಡಬೇಕಿತ್ತು. ಉಬುಂಟು 22.04 ಸರ್ವರಿನಲ್ಲಿ ಅಪ್‌ಡೇಟ್ ಹಾಕಿದಾಗ ನೇರಳೆ ಬಣ್ಣದ ಪರದೆ ಬಂದು "ಯಾವ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಲಿ?" ಅಂತ ಕೇಳುತ್ತದಲ್ಲ, ಅದು ಇದಕ್ಕೇ. ಹಾಗಾಗಿ ಪ್ಯಾಕೇಜಿನ ಜೊತೆ ಸಣ್ಣ ಸ್ಕ್ರಿಪ್ಟುಗಳೂ ಬರುತ್ತವೆ: ಹಾಕುವ ಮೊದಲು ಏನು ಮಾಡಬೇಕು, ಹಾಕಿದ ಮೇಲೆ ಏನು ಮಾಡಬೇಕು, ಯಾವ ಸರ್ವಿಸನ್ನು ರೀಸ್ಟಾರ್ಟ್ ಮಾಡಬೇಕು ಅಂತ ಅವು ಹೇಳುತ್ತವೆ.

ಅಂದ್ರೆ ಊಟ ನಡೀತಾ ಇರುವಾಗಲೇ ಸಾರು ಬಡಿಸುವವರು ಹೋಗಿ ಅವರ ಜಾಗಕ್ಕೆ ಹೊಸಬರು ಬಂದ ಹಾಗೆ. ಹೊಸಬರಿಗೆ ಸಾರು ಬಡಿಸಲು ಬರುತ್ತದೆಯೇ ಅನ್ನೋದು ಒಂದು ಪ್ರಶ್ನೆ. ಪಂಕ್ತಿ ಎಲ್ಲಿಯವರೆಗೆ ಬಂದಿದೆ, ಯಾವ ಎಲೆಗೆ ಬೆಳ್ಳುಳ್ಳಿ ಬೇಡ ಅಂದಿದ್ದಾರೆ, ಇದೆಲ್ಲ ಅವರಿಗೆ ದಾಟಿತೇ ಅನ್ನೋದು ಬೇರೆಯದೇ ಪ್ರಶ್ನೆ. ಮೊದಲನೆಯದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಎರಡನೆಯದು ಪಂಕ್ತಿಯ ಮಧ್ಯದಲ್ಲಿ ಮಾತ್ರ ಗೊತ್ತಾಗುತ್ತದೆ.

ಮೊದಲ ಘಟನೆ: ಅಳಿಸಿಹೋದ ಟಿಪ್ಪಣಿ

2022ರ ಆ ಅಪ್‌ಡೇಟ್ ಬಂದದ್ದು ಸಿಸ್ಟಮ್‌ಡಿಯ ಡಿಎನ್‌ಎಸ್ ಭಾಗದಲ್ಲೇ ಇದ್ದ ಒಂದು ನಿಜವಾದ ಭದ್ರತಾ ದೋಷವನ್ನು ಮುಚ್ಚಲು. ತೇಪೆ ಸರಿಯಾಗಿಯೇ ಇತ್ತು. ಎಡವಟ್ಟಾಗಿದ್ದು ಅದರ ಹಿಂದೆಯೇ ಆದ ರೀಸ್ಟಾರ್ಟಿನಲ್ಲಿ.

ಅಜೂರ್‌ನ ಉಬುಂಟು ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡನ್ನು ಗುರುತು ಹಿಡಿಯಲು ಅದರ ಡ್ರೈವರಿನ ಹೆಸರನ್ನು ನೋಡುತ್ತಿದ್ದರು. "ಈ ಡ್ರೈವರ್ ಇರುವ ಕಾರ್ಡ್ ನಮ್ಮದು, ಇದಕ್ಕೆ ವಿಳಾಸ, ಡಿಎನ್‌ಎಸ್ ಎಲ್ಲ ಕೊಡು" ಅಂತ ಬರೆದಿಟ್ಟಿತ್ತು. ಯಂತ್ರ ಬೂಟ್ ಆಗುವಾಗ ಯುಡೆವ್ ಎಂಬ ಭಾಗ ಆ ಡ್ರೈವರ್ ಹೆಸರನ್ನು ಟಿಪ್ಪಣಿ ಮಾಡಿಕೊಳ್ಳುತ್ತದೆ. 18.04ರಲ್ಲಿ ಇದ್ದ ದೋಷ ಏನೆಂದರೆ, ಬೂಟ್ ಆದ ಮೇಲೆ ಯಾವುದೋ ಕಾರಣಕ್ಕೆ "ಸಾಧನಗಳನ್ನು ಇನ್ನೊಮ್ಮೆ ನೋಡು" ಅಂತ ಯುಡೆವ್‌ಗೆ ಹೇಳಿದರೆ ಆ ಟಿಪ್ಪಣಿ ಅಳಿಸಿಹೋಗುತ್ತಿತ್ತು. ಅಳಿಸಿದಾಗ ಏನೂ ಗೊತ್ತಾಗುವುದಿಲ್ಲ. ನೆಟ್‌ವರ್ಕ್ ಸರ್ವಿಸ್ ಆಗಲೇ ಕಾರ್ಡನ್ನು ಗುರುತು ಹಿಡಿದು ಕೆಲಸ ಮಾಡ್ತಾ ಇರುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಹಾಗೇ ನಡೆಯುತ್ತದೆ. ಆಮೇಲೆ ಒಂದು ದಿನ ಅಪ್‌ಡೇಟ್ ಬಂದು ನೆಟ್‌ವರ್ಕ್ ಸರ್ವಿಸ್ ರೀಸ್ಟಾರ್ಟ್ ಆಗುತ್ತದೆ. ಹೊಸದಾಗಿ ಎದ್ದ ಸರ್ವಿಸ್ ಟಿಪ್ಪಣಿ ಹುಡುಕುತ್ತದೆ, ಸಿಗುವುದಿಲ್ಲ. "ಈ ಕಾರ್ಡ್ ನನ್ನದಲ್ಲ" ಅಂತ ಕೈಬಿಡುತ್ತದೆ. ಅಲ್ಲಿಗೆ ಡಿಎನ್‌ಎಸ್ ಮಾಹಿತಿಯೂ ಹೋಯಿತು.

ಮೈಕ್ರೋಸಾಫ್ಟ್ ಆಗ ಕೊಟ್ಟ ತಕ್ಷಣದ ಪರಿಹಾರ ಯಂತ್ರವನ್ನು ರೀಬೂಟ್ ಮಾಡುವುದು. ಬೂಟ್ ಆದಾಗ ಟಿಪ್ಪಣಿ ಮತ್ತೆ ಹೊಸದಾಗಿ ಬರೆಯಲ್ಪಡುತ್ತದೆ, ಎಲ್ಲ ಸರಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಹೊಸ ಯಂತ್ರಕ್ಕೆ ಹೊಸ ಪ್ಯಾಕೇಜ್ ಹಾಕಿ ಪರೀಕ್ಷಿಸಿದರೆ ಪಾಸ್. ರೀಬೂಟ್ ಮಾಡಿ ಪರೀಕ್ಷಿಸಿದರೂ ಪಾಸ್. ಸ್ವಲ್ಪ ದಿನ ಓಡಿದ ಯಂತ್ರವನ್ನು ನಿಲ್ಲಿಸದೆ ಅಪ್‌ಗ್ರೇಡ್ ಮಾಡಿದರೆ ಮಾತ್ರ ಫೇಲ್.

ಎರಡನೆಯ ಘಟನೆ: ಬೇರೆಯವರು ಹಾಕಿದ ಎಲೆ

ಡೇಟಾಡಾಗ್‌ನ ಯಂತ್ರಗಳಲ್ಲಿದ್ದದ್ದು ಉಬುಂಟು 22.04. ಅದರಲ್ಲಿನ ನೆಟ್‌ವರ್ಕ್ ಸರ್ವಿಸ್‌ಗೆ ಒಂದು ಅಭ್ಯಾಸ: ಶುರುವಾಗುವಾಗ ತಾನು ಹಾಕದ ರೂಟಿಂಗ್ ನಿಯಮಗಳು ಕಂಡರೆ ಅವನ್ನು ತೆಗೆದುಹಾಕಿಬಿಡುವುದು. ಪಂಕ್ತಿಗೆ ಬಂದ ಹೊಸ ಮೇಸ್ತ್ರಿ, "ಈ ಎಲೆಗಳನ್ನು ನಾನು ಹಾಕಿಸಿಲ್ಲ" ಅಂತ ಊಟಕ್ಕೆ ಕೂತವರ ಮುಂದಿನಿಂದಲೇ ಎತ್ತಿದ ಹಾಗೆ. ಆ ಯಂತ್ರಗಳಲ್ಲಿ ಕಂಟೇನರುಗಳ ಸಂಪರ್ಕಕ್ಕೆ ಬೇಕಾದ ನಿಯಮಗಳನ್ನು ಹಾಕುತ್ತಿದ್ದದ್ದು ಸಿಲಿಯಂ ಎಂಬ ಬೇರೆ ಪ್ರೋಗ್ರಾಮ್. ಬೂಟ್ ಆಗುವಾಗ ನೆಟ್‌ವರ್ಕ್ ಸರ್ವಿಸ್ ಮೊದಲು ಏಳುತ್ತದೆ, ಸಿಲಿಯಂ ಆಮೇಲೆ ಬಂದು ನಿಯಮ ಹಾಕುತ್ತದೆ. ಆಗ ಜಗಳವೇ ಇಲ್ಲ. ಅಪ್‌ಡೇಟ್ ಬಂದು ನೆಟ್‌ವರ್ಕ್ ಸರ್ವಿಸ್ ಮಧ್ಯದಲ್ಲಿ ರೀಸ್ಟಾರ್ಟ್ ಆದಾಗ ಕ್ರಮ ತಿರುಗಿಬಿತ್ತು: ನಿಯಮಗಳು ಮೊದಲೇ ಇದ್ದವು, ಸರ್ವಿಸ್ ಆಮೇಲೆ ಎದ್ದಿತು, ಎಲ್ಲವನ್ನೂ ಅಳಿಸಿತು. ಬೇರೆಯವರ ನಿಯಮಗಳನ್ನು ಮುಟ್ಟಬೇಡ ಅಂತ ಹೇಳುವ ಸೆಟ್ಟಿಂಗ್ ಸಿಸ್ಟಮ್‌ಡಿಯಲ್ಲಿ ಇದೆ. 

ಇಲ್ಲೂ ಅದೇ ಕಥೆ. ಹೊಸ ಯಂತ್ರ ಪಾಸ್, ರೀಬೂಟ್ ಪಾಸ್, ಓಡುತ್ತಿರುವಾಗಿನ ಅಪ್‌ಗ್ರೇಡ್ ಫೇಲ್. ಜೊತೆಗೆ ಇನ್ನೊಂದು ಪಾಠವೂ ಇದೆ. ಬೇರೆಬೇರೆ ದೇಶಗಳಲ್ಲಿ ಯಂತ್ರ ಇಟ್ಟರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ ಅಂತ ನಮಗೆ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಎಲ್ಲ ಯಂತ್ರಗಳೂ ಒಂದೇ ಗಂಟೆಯಲ್ಲಿ ಒಂದೇ ಅಪ್‌ಡೇಟ್ ಹಾಕಿಕೊಂಡರೆ ಆ ದೂರಕ್ಕೆ ಬೆಲೆಯೇ ಉಳಿಯುವುದಿಲ್ಲ.

ಹಾಗಾದರೆ ಪರೀಕ್ಷೆ ಮಾಡೋದೇ ಇಲ್ವಾ?

ಮಾಡ್ತಾರೆ, ಬೇಕಾದಷ್ಟು ಮಾಡ್ತಾರೆ. ಡೆಬಿಯನ್‌ನಲ್ಲಿ ಪಿಯುಪಾರ್ಟ್ಸ್ ಎಂಬ ಸಾಧನ ಇದೆ. ಪ್ಯಾಕೇಜನ್ನು ಹಾಕುತ್ತದೆ, ಹಳೆಯದರಿಂದ ಹೊಸದಕ್ಕೆ ಏರಿಸುತ್ತದೆ, ತೆಗೆಯುತ್ತದೆ, ಕಸ ಉಳಿಯಿತೇ ಅಂತ ನೋಡುತ್ತದೆ. ಸ್ಕ್ರಿಪ್ಟುಗಳ ತಪ್ಪನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಒಂದು ಬೇಲಿ ಹಾಕಿದ ಫೋಲ್ಡರಿನೊಳಗೆ ನಡೆಯುವ ಆಟ. ಸಾಮಾನ್ಯವಾಗಿ ಅಲ್ಲಿ ಸರ್ವಿಸ್ ಶುರುಮಾಡಲು ಅನುಮತಿಯೇ ಇರುವುದಿಲ್ಲ. ಬಡಿಸುವವರೇ ಇಲ್ಲದ ಕಡೆ ಬಡಿಸುವವರ ಬದಲಾವಣೆಯನ್ನು ಪರೀಕ್ಷಿಸೋದು ಹೇಗೆ?

ಎರಡನೆಯದು ಆಟೋಪ್ಯಾಕೇಜ್‌ಟೆಸ್ಟ್ ಅನ್ನಬಹುದಾದ ವ್ಯವಸ್ಥೆ. ಪ್ಯಾಕೇಜಿನ ಜೊತೆಯಲ್ಲೇ ಅದರ ಪರೀಕ್ಷೆಗಳನ್ನೂ ಇಡುತ್ತಾರೆ. ಪ್ಯಾಕೇಜನ್ನು ನಿಜವಾಗಿ ಹಾಕಿ, ಬಳಸಿ ನೋಡಿ, ಪಾಸೋ ಫೇಲೋ ಹೇಳಬೇಕು. ಸರ್ವಿಸ್‌ಗಳ ಮಟ್ಟಿಗೆ "ನನಗೆ ಪೂರ್ತಿ ಒಂದು ಯಂತ್ರವೇ ಬೇಕು" ಅಂತ ಪರೀಕ್ಷೆ ಕೇಳಿಕೊಳ್ಳಬಹುದು. ಆಗ ಅದು ವರ್ಚುವಲ್ ಮೆಷಿನ್‌ನಲ್ಲಿ ನಡೆಯುತ್ತದೆ. ಡೆಬಿಯನ್‌ನ ಅನ್‌ಸ್ಟೇಬಲ್ ಶಾಖೆಯಿಂದ ಟೆಸ್ಟಿಂಗ್ ಶಾಖೆಗೆ ದಾಟಬೇಕಾದರೆ ಒಂದು ಪ್ಯಾಕೇಜ್ ಕೆಲವು ದಿನ ಕಾಯಬೇಕು. ತನ್ನ ಪರೀಕ್ಷೆ ಮಾತ್ರವಲ್ಲ, ತನ್ನ ಮೇಲೆ ನಿಂತಿರುವ ಬೇರೆ ಪ್ಯಾಕೇಜುಗಳ ಪರೀಕ್ಷೆಯನ್ನೂ ಕೆಡಿಸಬಾರದು. ಕೆಡಿಸಿದರೆ ಬಾಗಿಲಲ್ಲೇ ತಡೆ.

ಮೂರನೆಯದು ಓಪನ್‌ಸೂಸೆಯವರು ಬೆಳೆಸಿದ, ಈಗ ಫೆಡೋರಾದವರೂ ಬಳಸುವ ಓಪನ್‌ಕ್ಯುಎ. ಇದು ವರ್ಚುವಲ್ ಮೆಷಿನ್‌ನ ಮುಂದೆ ಮನುಷ್ಯನ ಹಾಗೆ ಕೂತು, ಕೀ ಒತ್ತಿ, ಪರದೆಯ ಚಿತ್ರ ತೆಗೆದು, ಇರಬೇಕಾದ ಚಿತ್ರದ ಜೊತೆ ಹೋಲಿಸುತ್ತದೆ. ಇವರ ಪರೀಕ್ಷೆಗಳಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು ಒಂದಿದೆ: ಹಳೆಯ ಆವೃತ್ತಿಯಲ್ಲಿ ಸರ್ವಿಸ್‌ಗಳನ್ನು ಹಾಕಿ ಓಡಿಸುತ್ತಾರೆ, ಆಮೇಲೆ ಹೊಸ ಆವೃತ್ತಿಗೆ ಏರಿಸುತ್ತಾರೆ, ಆಮೇಲೆ ಒಂದೊಂದೇ ಸರ್ವಿಸ್ ಬದುಕಿದೆಯೇ ಅಂತ ವಿಚಾರಿಸುತ್ತಾರೆ. ಕೆಲವೊಮ್ಮೆ ಸರ್ವಿಸ್‌ನ ಹೆಸರೇ ಬದಲಾಗಿರುತ್ತದೆ. ಸೂಸೆಯ ಎಂಟರ್‌ಪ್ರೈಸ್ ಆವೃತ್ತಿ 12ರಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದದ್ದು ಎನ್‌ಟಿಪಿ, 15ರಲ್ಲಿ ಆ ಜಾಗಕ್ಕೆ ಬಂದದ್ದು ಕ್ರೋನಿ. ಹಳೆಯ ಹೆಸರು ಹಿಡಿದು ಹುಡುಕಿದರೆ ಸಿಗದು. ಪರೀಕ್ಷೆ ಬರೆಯುವವರಿಗೆ ಈ ದಾಯಾದಿ ಸಂಬಂಧವೂ ಗೊತ್ತಿರಬೇಕು.

ಇಷ್ಟೆಲ್ಲ ಇದ್ದೂ ಆ ಎರಡು ಘಟನೆಗಳು ಹೇಗೆ ನುಸುಳಿದವು? ಪರೀಕ್ಷೆಗೆ ಬರುವ ಯಂತ್ರ ಯಾವಾಗಲೂ ಎಳೆಗೂಸು. ಹುಟ್ಟಿ ಐದು ನಿಮಿಷ ಆಗಿರುತ್ತದೆ, ಪರೀಕ್ಷೆ ಮುಗಿದ ಕೂಡಲೇ ಅಳಿಸಿಬಿಡುತ್ತಾರೆ. ನಿಜವಾದ ಸರ್ವರಿಗೆ ಆಯಸ್ಸು ಇರುತ್ತದೆ, ನೆನಪು ಇರುತ್ತದೆ, ಮೈಮೇಲೆ ಬೇರೆಯವರು ಕಟ್ಟಿದ ಗಂಟುಗಳಿರುತ್ತವೆ. ಇನ್ನೊಂದು ಕಾರಣವೂ ಇದೆ. ಉಬುಂಟು ಸಾಮಾನ್ಯ ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಟ್ಟಿಗೆ ಕೊಡುವುದಿಲ್ಲ. ಮೊದಲು ಕೆಲವರಿಗೆ, ದೂರು ಬರದಿದ್ದರೆ ಇನ್ನಷ್ಟು ಜನರಿಗೆ, ಹೀಗೆ ಹಂತ ಹಂತವಾಗಿ ಬಿಡುತ್ತದೆ. ಭದ್ರತಾ ಅಪ್‌ಡೇಟ್‌ಗೆ ಈ ಹಂತಗಳಿಲ್ಲ. ಕಳ್ಳರಿಗೆ ಸಮಯ ಕೊಡಬಾರದಲ್ಲ. ಹಾಗಾಗಿ ಅದು ಬಂದರೆ ಎಲ್ಲರ ಮನೆಗೂ ಒಂದೇ ದಿನ ಬರುತ್ತದೆ.

ನಾವೇ ಬರೆಯೋದಾದರೆ

ಇದಕ್ಕೆ ದೊಡ್ಡ ಲ್ಯಾಬ್ ಬೇಡ. ಒಂದು ಲ್ಯಾಪ್‌ಟಾಪ್, ಒಂದು ವರ್ಚುವಲ್ ಮೆಷಿನ್ ಸಾಕು. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಗಮನಿಸಿ.

ಒಂದು: ಹಳೆಯದರಿಂದ ಶುರುಮಾಡಿ. ಈಗ ನಿಜವಾಗಿ ಬಳಕೆಯಲ್ಲಿರುವ ಆವೃತ್ತಿಯನ್ನು ಹಾಕಿ, ಅದರ ಸ್ನ್ಯಾಪ್‌ಶಾಟ್ ತೆಗೆದಿಡಿ.

ಎರಡು: ಯಂತ್ರಕ್ಕೆ ವಯಸ್ಸು ಬರಿಸಿ. ಸರ್ವಿಸ್‌ಗಳನ್ನು ಓಡಿಸಿ, ಡೇಟಾಬೇಸಿನಲ್ಲಿ ನಾಲ್ಕು ಸಾಲು ಬರೆಯಿರಿ, ಒಂದು ಸಂಪರ್ಕ ತೆರೆದಿಡಿ, ಕೈಯಿಂದ ಒಂದು ರೂಟಿಂಗ್ ನಿಯಮ ಸೇರಿಸಿ, ಯುಡೆವ್‌ಗೆ ಸಾಧನಗಳನ್ನು ಮತ್ತೊಮ್ಮೆ ನೋಡಲು ಹೇಳಿ. ಮೇಲಿನ ಎರಡೂ ಘಟನೆಗಳ ಬೀಜ ಈ ಹೆಜ್ಜೆಯಲ್ಲಿದೆ.

ಮೂರು: ಮೊದಲಿನ ಸ್ಥಿತಿಯನ್ನು ಬರೆದಿಡಿ. ಯಾವ ಸರ್ವಿಸ್ ಓಡುತ್ತಿದೆ, ಯಾವ ಪೋರ್ಟ್ ತೆರೆದಿದೆ, ರೂಟುಗಳು ಯಾವುವು, ನಿಯಮಗಳು ಯಾವುವು, ಒಂದು ಹೆಸರು ಕೇಳಿದರೆ ವಿಳಾಸ ಸಿಗುತ್ತದೆಯೇ.

ನಾಲ್ಕು: ಪ್ರಶ್ನೆ ಕೇಳದ ರೀತಿಯಲ್ಲಿ ಅಪ್‌ಗ್ರೇಡ್ ಮಾಡಿ. ರಾತ್ರಿ ತಾನಾಗಿ ನಡೆಯುವಾಗ "ಹೌದು" ಒತ್ತಲು ಅಲ್ಲಿ ಯಾರೂ ಇರುವುದಿಲ್ಲ.

ಐದು: ರೀಬೂಟ್ ಮಾಡದೆ ಮೂರನೆಯ ಹೆಜ್ಜೆಯನ್ನು ಮತ್ತೆ ಮಾಡಿ, ಎರಡನ್ನೂ ಹೋಲಿಸಿ. ಸಿಸ್ಟಮ್‌ಡಿ ಹಸಿರು ಚುಕ್ಕೆ ತೋರಿಸಿ "ಓಡ್ತಿದೆ" ಅಂದರೆ ನಂಬಿಬಿಡಬೇಡಿ. 2022ರ ಆ ಯಂತ್ರಗಳಲ್ಲೂ ಪ್ರೋಗ್ರಾಮುಗಳು ಓಡುತ್ತಲೇ ಇದ್ದವು. ವೆಬ್ ಸರ್ವರಾದರೆ ಒಂದು ಪುಟ ಕೇಳಿ, ಡಿಎನ್‌ಎಸ್ ಆದರೆ ಒಂದು ಹೆಸರು ಕೇಳಿ, ಡೇಟಾಬೇಸ್ ಆದರೆ ಬರೆದ ನಾಲ್ಕು ಸಾಲು ವಾಪಸ್ ಓದಿ.

ಆರು: ಈಗ ರೀಬೂಟ್ ಮಾಡಿ ಮತ್ತೊಮ್ಮೆ ಹೋಲಿಸಿ. ರೀಬೂಟಿಗೆ ಮೊದಲು ಫೇಲ್ ಆಗಿ ಆಮೇಲೆ ಪಾಸ್ ಆದರೆ, ಮೇಲಿನ ಜಾತಿಯದೇ ದೋಷ ಸಿಕ್ಕಿತು ಅಂತ ಲೆಕ್ಕ. ಮೊದಲು ಪಾಸ್ ಆಗಿ ಆಮೇಲೆ ಫೇಲ್ ಆದರೆ ಅದೂ ಅಷ್ಟೇ ಮುಖ್ಯ. ಮುಂದಿನ ರೀಬೂಟಿನವರೆಗೆ ಅವಿತು ಕೂತಿರುವ ದೋಷ ಅದು.

ಏಳು: ಸ್ನ್ಯಾಪ್‌ಶಾಟಿಗೆ ಮರಳಿ. ಹಿಂದಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಡಿ. ಫೋನ್ ಬಂದು "ಎಷ್ಟು ಹೊತ್ತಾಗುತ್ತೆ?" ಅಂತ ಮ್ಯಾನೇಜರ್ ಕೇಳಿದಾಗ ಉತ್ತರ ಕೈಯಲ್ಲಿರುತ್ತದೆ.

ಈ ಏಳನ್ನೂ ಒಂದು ಸ್ಕ್ರಿಪ್ಟಿಗೆ ಹಾಕಿ ದಿನಾ ತಾನಾಗಿ ಓಡುವಂತೆ ಮಾಡಿದರೆ ಅದೇ ಸ್ವಯಂಚಾಲಿತ ಪರೀಕ್ಷೆ. ಹೊಸ ಬಗೆಯ ತೊಂದರೆ ಕಂಡಾಗಲೆಲ್ಲ ಎರಡನೆಯ ಹೆಜ್ಜೆಗೆ ಒಂದು ಸಾಲು ಸೇರಿಸುತ್ತಾ ಹೋಗಬೇಕು. ನಾವು ಯೋಚಿಸದೇ ಇದ್ದುದನ್ನು ಯಂತ್ರ ತಾನಾಗಿ ಯೋಚಿಸುವುದಿಲ್ಲ. ಪರೀಕ್ಷೆಯ ಪಟ್ಟಿ ಉದ್ದವಾಗುವುದು ಅನುಭವದಿಂದಲೇ, ಅಜ್ಜಿಯ ಅಡುಗೆ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬೆಳೆದ ಹಾಗೆ.

ಅಪ್‌ಡೇಟ್ ಆಫ್ ಮಾಡಿಬಿಟ್ಟರೆ?

ಇಂಥ ಘಟನೆ ಓದಿದ ತಕ್ಷಣ ಹೊಳೆಯುವ ಉಪಾಯ ಇದೇ: ತಾನಾಗಿ ಆಗುವ ಅಪ್‌ಡೇಟನ್ನೇ ನಿಲ್ಲಿಸಿಬಿಡೋಣ. ನಮಗೆ ಇದು ಸರಿ ಅನ್ನಿಸುವುದಿಲ್ಲ. 2022ರ ಅಪ್‌ಡೇಟ್ ಮುಚ್ಚಿದ ದೋಷ ನಿಜವಾದದ್ದು. ಬೀಗ ಬದಲಿಸುವಾಗ ಬಾಗಿಲು ಒಂದು ಗಂಟೆ ಅಂಟಿಕೊಂಡಿತು ಅಂತ ಮುರಿದ ಬೀಗವನ್ನೇ ಇಟ್ಟುಕೊಳ್ಳುವವರು ಯಾರು? ನೋಡಿಕೊಳ್ಳಲು ಪೂರ್ಣಾವಧಿ ಜನ ಇಲ್ಲದ ಸಣ್ಣ ಅಂಗಡಿ, ಸಣ್ಣ ಸಂಘ, ವಿದ್ಯಾರ್ಥಿ ಪ್ರಾಜೆಕ್ಟುಗಳಿಗಂತೂ ತಾನಾಗಿ ಆಗುವ ಭದ್ರತಾ ಅಪ್‌ಡೇಟೇ ದೊಡ್ಡ ರಕ್ಷಣೆ.

ಮಾಡಬಹುದಾದದ್ದು ಬೇರೆ ಇದೆ. ಅಪ್‌ಡೇಟ್ ಸಮಯವನ್ನು ಇಲ್ಲಿನ ಗಡಿಯಾರಕ್ಕೆ ಹೊಂದಿಸಿ. ಇಲ್ಲಿನ ರಾತ್ರಿ 3 ಗಂಟೆ ಬೇಕಾದರೆ ಯುಟಿಸಿಯಲ್ಲಿ ಹಿಂದಿನ ದಿನದ 23:00 ಅಂತ ಬರೆಯಬೇಕು. ಎರಡು ಯಂತ್ರಗಳಿದ್ದರೆ ಒಂದೇ ದಿನ ಎರಡಕ್ಕೂ ಬೇಡ. ಮೊದಲನೆಯದು ಒಂದು ದಿನ ಆರಾಮಾಗಿ ಓಡಲಿ, ಆಮೇಲೆ ಎರಡನೆಯದು. ಅವೆರಡಕ್ಕೂ ಮೊದಲು ಮೇಲಿನ ಏಳು ಹೆಜ್ಜೆಯ ವರ್ಚುವಲ್ ಮೆಷಿನ್ ಅದೇ ಅಪ್‌ಡೇಟನ್ನು ಹಾಕಿಕೊಂಡು ನೋಡಿರಲಿ.

ಇನ್ನೊಂದು ವಿಷಯ. ಈ ಪರೀಕ್ಷೆಗಳೆಲ್ಲ ತೆರೆದ ಪುಸ್ತಕ. ಡೆಬಿಯನ್‌ನಲ್ಲಿ ಪರೀಕ್ಷೆಯೇ ಇಲ್ಲದ ಪ್ಯಾಕೇಜುಗಳು ಇನ್ನೂ ಎಷ್ಟೋ ಇವೆ. ಒಂದನ್ನು ಆರಿಸಿಕೊಂಡು, ಹಳೆಯದರಿಂದ ಹೊಸದಕ್ಕೆ ಏರಿಸಿ ನೋಡುವ ಒಂದು ಸಣ್ಣ ಪರೀಕ್ಷೆ ಬರೆದು ಕಳಿಸಿದರೆ, ಒಪ್ಪಿಗೆಯಾದ ಮೇಲೆ ಅದು ಪ್ಯಾಕೇಜಿನ ಜೊತೆಯಲ್ಲೇ ಉಳಿಯುತ್ತದೆ. ಆ ಸಮುದಾಯ ನಮ್ಮಿಂದ ದೂರವೂ ಇಲ್ಲ. ಡೆಬಿಯನ್‌ನವರ ಜಾಗತಿಕ ಸಮ್ಮೇಳನ 2023ರಲ್ಲಿ ನಡೆದದ್ದು ನಮ್ಮ ಪಕ್ಕದ ಕೊಚ್ಚಿಯಲ್ಲಿ. ರಜೆಗೆ ಊರಿಗೆ ಹೋಗುವ ಮೊದಲು ಯಾರಾದರೂ ಇಬ್ಬರು ಮೂವರು ಸೇರಿ ಒಂದು ಪ್ಯಾಕೇಜ್ ಹಿಡಿಯುವುದಾದರೆ ಹೇಳಿ, ಮೊದಲ ಸ್ನ್ಯಾಪ್‌ಶಾಟನ್ನು ಜೊತೆಗೇ ತೆಗೆಯೋಣ.